ಹೊಳೆಯ ಹಕ್ಕಿಗಳೂ ಕೊಳ್ಳುವವರ ಹೊಣೆಯೂ

ಮಾಗಿಯ ಚಳಿ ಕಾಲಿಟ್ಟಿತೆಂದರೆ ಕಾವೇರಿಯ ನಡುಗಡ್ಡೆಗಳಲ್ಲಿಯೂ, ಶಿಂಷೆಯ ದಡದ ಹುಣಿಸೆ ಮರಗಳಲ್ಲಿಯೂ, ಬಯಲುಸೀಮೆಯ ಕೆರೆಗಳ ಜೌಗಿನಲ್ಲಿಯೂ ನೀರುಹಕ್ಕಿಗಳ ಜಾತ್ರೆ ನೆರೆಯುತ್ತದೆ. ನಮ್ಮ ನಾಡಿನವೇ ಆದ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ಬಾಯ್ಕಳಕ, ಬೆಳ್ಳಕ್ಕಿಗಳು ಒಂದು ಕಡೆ. ಹಿಮಾಲಯವನ್ನು ದಾಟಿ ಬರತಕ್ಕ ಪಟ್ಟೆತಲೆಯ ಹೆಬ್ಬಾತು, ಸೂಜಿಬಾಲದ ಬಾತು ಮೊದಲಾದ ಅತಿಥಿಗಳು ಮತ್ತೊಂದು ಕಡೆ. ಮಂಗೋಲಿಯ ದೇಶದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ಕನ್ನಡನಾಡಿನ ಕೆರೆಗಳಲ್ಲಿ ಕಾಣಿಸಿಕೊಂಡಿರುವುದು ವಾಚಕರಲ್ಲಿ ಅನೇಕರಿಗೆ ವಿದಿತವಾದ ಸಂಗತಿಯೇ ಆಗಿದೆ. ಹಕ್ಕಿಗೆ ಸುಗ್ಗಿಯಾದ ಈ ಕಾಲವೇ ಹಕ್ಕಿ ಹಿಡಿಯುವವನಿಗೂ ಸುಗ್ಗಿ. ಆದಕಾರಣ ಹೊಳೆಯ ಹಕ್ಕಿಗಳ ಬೇಟೆಯನ್ನು ಕುರಿತು ನಾಲ್ಕು ಮಾತುಗಳನ್ನು ಅಧಿಕಾರಿವರ್ಗದ ಮುಂದೆಯೂ, ಪೇಟೆಗಳಲ್ಲಿ ವಾಸಿಸುವ ವಿದ್ಯಾವಂತ ಮಹಾಜನರ ಮುಂದೆಯೂ ಈಗಲೇ ಇಡುವುದು ಯೋಗ್ಯವೆಂದು ಭಾವಿಸಿದ್ದೇವೆ.

ಮೊದಲು ಒಂದು ಭ್ರಾಂತಿಯನ್ನು ನಿವಾರಿಸಬೇಕಾಗಿದೆ. ಇಂತಿಂಥ ತಿಂಗಳಲ್ಲಿ ಬೇಟೆಗೆ ಅಪ್ಪಣೆಯುಂಟು, ಇಂತಿಂಥ ತಿಂಗಳಲ್ಲಿ ಇಲ್ಲ. ರಹದಾರಿ ಪಡೆದವನು ಇಷ್ಟು ಬಾತುಗಳನ್ನು ಹೊಡೆಯಬಹುದು, ಪಡೆಯದವನು ಹೊಡೆಯಬಾರದು ಎಂಬ ಹಳೆಯ ತಿಳಿವಳಿಕೆ ಇಂದಿಗೂ ಕೆಲವರಲ್ಲಿ ಉಳಿದುಕೊಂಡಿದೆ. ಪಕ್ಷಿಧಾಮದ ಬೇಲಿಯ ಒಳಗೆ ಮಾತ್ರ ನಿಷೇಧ, ಹೊರಗಿನ ಗದ್ದೆಯಲ್ಲಿ ಸಿಕ್ಕ ಹಕ್ಕಿ ಸಿಕ್ಕಿದವನದೇ ಎಂದು ತಿಳಿದವರಂತೂ ಇನ್ನೂ ಹೆಚ್ಚು. ಎರಡೂ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯಿಂದ ಬೇಟೆಯ ರಹದಾರಿಗಳೆಲ್ಲವೂ ರದ್ದಾದುವು. ಅಂದಿನಿಂದ ಈ ದೇಶದ ಹೊಳೆಯಲ್ಲಿ, ಕೆರೆಯಲ್ಲಿ, ಗದ್ದೆಯಲ್ಲಿ, ಧಾಮದ ಒಳಗಾಗಲಿ ಹೊರಗಾಗಲಿ, ಯಾವ ತಿಂಗಳಲ್ಲಿಯೂ ನೀರುಹಕ್ಕಿಯ ಬೇಟೆಗೆ ಅಪ್ಪಣೆಯಿಲ್ಲ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ ಉಪದ್ರವಿ ಪ್ರಾಣಿಗಳೆಂಬ ಹಳೆಯ ಪಟ್ಟಿಯೂ ಹೋಯಿತು. ಅದುವರೆಗೆ ಆ ಪಟ್ಟಿಯಲ್ಲಿದ್ದ ಬಡ ಕಾಗೆಗೂ ಈಗ ಕಾಯಿದೆಯ ಆಶ್ರಯ ದೊರಕಿದೆ. ಕಾಗೆಗೆ ದೊರೆತುದು ಕೊಕ್ಕರೆಗೆ ಇಲ್ಲವೆಂದು ಯಾರೂ ತಿಳಿಯಬಾರದು.

ಹಾಗಿದ್ದರೆ ಇನ್ನು ಬರೆಯತಕ್ಕದ್ದು ಏನು ಎಂದು ಕೇಳಬಹುದು. ಕಾಯಿದೆ ಪೂರ್ಣವಾಗಿದೆ, ಅದರ ದೃಷ್ಟಿ ಮಾತ್ರ ನೋಡಬೇಕಾದ ಕಡೆ ನೋಡುತ್ತಿಲ್ಲ. ಇದೇ ನಮ್ಮ ಆಕ್ಷೇಪಣೆ. ಕಾಯಿದೆಯ ಕಾವಲುಗಾರನ ಕಣ್ಣು ಇಂದಿಗೂ ಕೋವಿಯವನನ್ನೂ ಬಲೆಯವನನ್ನೂ ಹುಡುಕುತ್ತದೆ. ಆ ಬಲೆಗೆ ಹಣ ಹಾಕುವ ಕೈಯನ್ನು ಹುಡುಕುವುದಿಲ್ಲ. ಆ ಕೈ ಹೊಳೆಯ ದಡದಲ್ಲಿ ಇರುವುದಿಲ್ಲ, ಪೇಟೆಯಲ್ಲಿ ಇರುತ್ತದೆ.

ಈ ದೃಷ್ಟಿದೋಷ ಎಲ್ಲಿಂದ ಬಂದಿತೆಂಬುದನ್ನು ತಿಳಿಯಲು ಹಿಂದಿನ ಚರಿತ್ರೆಯನ್ನು ಸ್ವಲ್ಪ ನೋಡಬೇಕು. ಬ್ರಿಟಿಷರ ಕಾಲದಲ್ಲಿ ಹಕ್ಕಿಗಳ ಸಂರಕ್ಷಣೆಯೆಂಬ ಹೆಸರಿನಲ್ಲಿ ಹುಟ್ಟಿದ ಕಟ್ಟಳೆಗಳಲ್ಲಿ ಹೆಚ್ಚಿನವು ಷಿಕಾರಿದೊರೆಗಳ ವಿನೋದ ಮುಗಿದುಹೋಗದಂತೆ ಕಾಪಾಡುವುದಕ್ಕಾಗಿ ಹುಟ್ಟಿದುವು. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ಮೃಗಪಕ್ಷಿಗಳ ಮತ್ತು ಮೀನುಗಳ ಸಂರಕ್ಷಣೆಗೆಂದು 1901ರಲ್ಲಿ ಒಂದು ರೆಗ್ಯುಲೇಷನ್ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ 1912ರ ಕಾಯಿದೆ ಬಂದಿತು. 1912ರ ಕಾಯಿದೆಯ ಪಟ್ಟಿಯಲ್ಲಿ ಬಾತು, ಬೆಳ್ಳಕ್ಕಿ, ಬಕ, ಮಿಂಚುಳ್ಳಿಗಳ ಹೆಸರುಗಳಿದ್ದುವು. ಆದರೆ ಅದು ಮಾಡಿದ್ದೇನು? ಮರಿಮಾಡುವ ಕಾಲವನ್ನು ಬೇಟೆಗೆ ಮುಚ್ಚಿದ ಕಾಲವೆಂದು ಸಾರುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಉಳಿದ ಕಾಲದಲ್ಲಿ ತೋಟಾಗಳಿಗೆ ತಡೆಯಿಲ್ಲ. ಮುಂದಿನ ವರ್ಷದ ಬೇಟೆಗೆ ಹಕ್ಕಿ ಬೇಕು, ಆದುದರಿಂದ ಈ ವರ್ಷ ಮೊಟ್ಟೆಯಿಡುವಾಗ ಬಿಡು. ಇಷ್ಟೇ ಅದರ ನೀತಿ.

ಆ ವಿನೋದದ ಪರಿಮಾಣವೇನೆಂಬುದನ್ನು ಅರಿಯಬೇಕಾದರೆ ರಾಜಸ್ಥಾನದ ಭರತಪುರಕ್ಕೆ ಹೋಗಬೇಕು. ಗಂಭೀರ್ ಮತ್ತು ಬಾಣಗಂಗಾ ನದಿಗಳ ನೀರಿನಿಂದ ತುಂಬುತ್ತಿದ್ದ ಅಲ್ಲಿನ ಜೌಗಿನಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಪ್ರಭುವಿನ ಗೋಷ್ಠಿಯವರು ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದು ಕೆಡವಿದರು. ಈ ಪರಾಕ್ರಮವನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಲಾಗಿದೆ, ಇಂದಿಗೂ ನೋಡಬಹುದು. ನಮ್ಮ ಪೂರ್ವಿಕರು ಕೆರೆ ಕಟ್ಟಿಸಿದವನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು. ಕೆರೆಯ ಹಕ್ಕಿಗಳನ್ನು ಕೊಂದವನ ಹೆಸರನ್ನು ಕೆತ್ತಿಸುವ ಪದ್ಧತಿ ನಮಗೆ ಹೊಸದಾಗಿ ಬಂದುದು. ಪರರನ್ನು ದೂರಿ ನಾವು ಶುದ್ಧರಾಗುವಂತೆಯೂ ಇಲ್ಲ. ಸ್ವರಾಜ್ಯ ಬಂದ ಮೇಲೆಯೂ ಆ ಸ್ಥಳದಲ್ಲಿ ಗಣ್ಯರ ಬೇಟೆ ನಿಲ್ಲಲಿಲ್ಲ. ಹಳೆಯ ದೊರೆಮನೆತನದ ಬೇಟೆಯ ಹಕ್ಕು 1972ರವರೆಗೂ ಉಳಿದಿತ್ತು. ಧ್ವಜ ಬದಲಾಯಿಸಿತು, ಬಂದೂಕಿನ ನಳಿಗೆ ಬದಲಾಯಿಸಲಿಲ್ಲ.

ಇದಕ್ಕೆ ಪ್ರತಿಯಾಗಿ, ಹಕ್ಕಿಗಳ ಪರವಾಗಿ ಮೊದಲು ಅಹವಾಲು ಹೇಳಿಕೊಂಡವರು ನಮ್ಮ ಹಳ್ಳಿಗಳ ಒಕ್ಕಲಿನವರು ಎಂಬುದನ್ನು ನಾವು ಹೆಮ್ಮೆಯಿಂದ ಸ್ಮರಿಸಬಹುದು. ತಮಿಳುನಾಡಿನ ವೇಡಂತಾಂಗಲ್ ಕೆರೆಯಲ್ಲಿ ಗೂಡುಕಟ್ಟಿದ್ದ ಕೊಕ್ಕರೆಗಳನ್ನು ಕುಂಪಣಿಯ ಸಿಪಾಯಿಗಳು ಹೊಡೆಯಲಾರಂಭಿಸಿದಾಗ, ಆ ಊರಿನವರು ಚೆಂಗಲ್ಪಟ್ಟಿನ ಕಲೆಕ್ಟರನ ಕಚೇರಿಗೆ ಹೋಗಿ ಕೇಳಿಕೊಂಡು, 1798ರಲ್ಲಿ ಲಯನೆಲ್ ಪ್ಲೇಸ್ ಎಂಬಾತನಿಂದ ಕೌಲು ಬರೆಯಿಸಿಕೊಂಡರು. 1858ರಲ್ಲಿ ಅದನ್ನು ಮತ್ತೆ ಸ್ಥಿರಪಡಿಸಿಕೊಂಡರು. ಅವರಿಗೆ ಪಕ್ಷಿಶಾಸ್ತ್ರ ತಿಳಿದಿತ್ತೆಂದಲ್ಲ. ಹಕ್ಕಿಯ ಹಿಕ್ಕೆ ಬಿದ್ದ ಕೆರೆಯ ನೀರು ಗದ್ದೆಗೆ ಗೊಬ್ಬರವೆಂಬುದು ತಿಳಿದಿತ್ತು. ಆಶ್ರಯಕ್ಕೆ ಬಂದುದನ್ನು ಕೊಲ್ಲಬಾರದೆಂಬುದೂ ತಿಳಿದಿತ್ತು. ಲಾಭವೂ ಧರ್ಮವೂ ಒಂದೇ ಕಡೆ ನಿಂತಾಗ ಕಾವಲು ಸುಲಭವಾಗುತ್ತದೆ.

ನಮ್ಮ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿಯೂ ಇದೇ ಧರ್ಮ ನಡೆದು ಬಂದಿದೆ. ಶಿಂಷಾ ನದಿಯ ಸಮೀಪದ ಈ ಊರಿನ ಮನೆಗಳ ನಡುವಣ ಮರಗಳಲ್ಲಿಯೇ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಅವುಗಳನ್ನು ಭಾವಿಸುತ್ತಾರೆ. ಹಿಂದೆ ನದಿಯ ದಡದಲ್ಲಿದ್ದ ಊರನ್ನು ಪ್ಲೇಗು ಮಾರಿಯ ಕಾಲದಲ್ಲಿ ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ತಮ್ಮ ಹಿಂದೆಯೇ ಬಂದುವೆಂದು ಅವರು ಹೇಳುತ್ತಾರೆ. ಮರದ ತುಂಬ ಗೂಡುಗಳಿದ್ದರೆ ಹುಣಿಸೆಹಣ್ಣಿನ ಫಸಲು ಕೈಗೆ ಬರುವುದಿಲ್ಲ. ಮರದ ಒಡೆಯರಿಗೆ ಅರಣ್ಯ ಇಲಾಖೆಯವರು ಕೊಡತಕ್ಕ ಪರಿಹಾರ ಅಲ್ಪ. ಆದಾಗ್ಯೂ ಮರಗಳು ನಿಂತಿವೆ. 2007ರಲ್ಲಿ ಸರ್ಕಾರದವರು ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿದುದು, ಊರವರು ತಾವಾಗಿ ನಡೆಸಿಕೊಂಡು ಬಂದ ವ್ಯವಸ್ಥೆಗೆ ಮುದ್ರೆಯೊತ್ತಿದಂತೆ ಆಯಿತು.

ಇನ್ನು ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. 1645ರಿಂದ 1648ರ ಅವಧಿಯಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದ ಇಲ್ಲಿನ ತಿಟ್ಟುಗಳು ಉಂಟಾದುವೆಂದು ಪ್ರತೀತಿ. ಗದ್ದೆಗೆ ನೀರು ಹಾಯಿಸಲು ಹೊರಟ ಅರಸರಿಂದ ಹಕ್ಕಿಗಳಿಗೆ ಅರಿಯದೆಯೇ ಒಂದು ಉಂಬಳಿ ದೊರಕಿತು. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗಾಗಿ 1939–40ರಲ್ಲಿ ಇಲ್ಲಿಗೆ ಬಂದಿದ್ದ ಸಲೀಂ ಅಲಿಯವರು ಒತ್ತಾಯಿಸಿದುದರಿಂದ 1940ರಲ್ಲಿ ಮಹಾರಾಜರ ಸರ್ಕಾರದವರು ಈ ಸ್ಥಳವನ್ನು ಸಂರಕ್ಷಿತವೆಂದು ಸಾರಿದರು. ಭರತಪುರದ ಆ ನವೆಂಬರ್ ತಿಂಗಳಿಗೂ ನಮ್ಮ ಈ ಆಜ್ಞೆಗೂ ಎರಡೇ ವರ್ಷದ ಅಂತರವೆಂಬುದು ಗಮನಾರ್ಹ. 2022ರಲ್ಲಿ ರಂಗನತಿಟ್ಟು ರಾಮ್ಸಾರ್ ಒಡಂಬಡಿಕೆಯ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ಪದವಿಯನ್ನು ಕರ್ನಾಟಕದಲ್ಲಿ ಮೊಟ್ಟಮೊದಲಿಗೆ ಪಡೆಯಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿಯ ಅಳಿವೆಗಳಿಗೆ 2024ರಲ್ಲಿ ಆ ಗೌರವ ಬಂದಿತು.

ಗೌರವ ಬಂದುದು ಸಂತೋಷವೇ. ಆದರೆ ರಂಗನತಿಟ್ಟಿನ ಪಕ್ಷಿಧಾಮದ ವಿಸ್ತೀರ್ಣ ಎಷ್ಟು? 0.67 ಚದರ ಕಿಲೋಮೀಟರು. ಇಷ್ಟು ಜಾಗದಲ್ಲಿ ಸಾವಿರಾರು ಹಕ್ಕಿಗಳು ಮಲಗಬಹುದು, ಮೊಟ್ಟೆಯಿಡಬಹುದು, ಹೊಟ್ಟೆ ತುಂಬಿಸಿಕೊಳ್ಳಲಾರವು. ಬೆಳಗಾಯಿತೆಂದರೆ ತಿಟ್ಟಿನ ಹಕ್ಕಿ ವಿಶ್ವೇಶ್ವರಯ್ಯ ನಾಲೆಯ ಗದ್ದೆಗಳಿಗೂ ಸುತ್ತಲಿನ ಕೆರೆಗಳಿಗೂ ಹಾರುತ್ತದೆ. ದೋಣಿ ನಡೆಸುವವನ ಕಣ್ಣಿನ ಅಳತೆಯಲ್ಲಿರುವಷ್ಟು ಹೊತ್ತು ಅದಕ್ಕೆ ಕಾವಲುಂಟು. ಆಮೇಲೆ ಅದು ದೇವರ ಪಾಲು. ಗದ್ದೆಯ ಬದುವಿನಲ್ಲಿ ಕಟ್ಟಿದ ಉರುಲು, ಸಂಜೆಗತ್ತಲಲ್ಲಿ ಕೆರೆಯಂಗಳದಲ್ಲಿ ನಿಲ್ಲಿಸಿದ ನವಿರಾದ ಬಲೆ, ಪೈರಿನ ಕೀಟನಾಶಕವನ್ನು ಬೆರೆಸಿ ಚೆಲ್ಲಿದ ಕಾಳು, ಇವುಗಳಿಗೆ ಸದ್ದಿಲ್ಲ. ಬಂದೂಕಾದರೆ ಊರಿಗೆಲ್ಲ ಕೇಳುತ್ತದೆ. ಮರಿಗಳಿಗೆ ಗುಟುಕು ತರಲು ಹೋದ ಹಕ್ಕಿ ಹಿಂದಿರುಗದಿದ್ದರೆ ಧಾಮದ ಒಳಗಿನ ಗೂಡಿನಲ್ಲಿ ಮರಿಗಳು ಸಾಯುತ್ತವೆ. ಧಾಮದ ದಫ್ತರದಲ್ಲಿ ಆ ಸಾವು ಬೇಟೆಯೆಂದು ದಾಖಲಾಗುವುದು ಹೇಗೆ?

ಇಂಥ ಬೇಟೆ ಬಡವನ ತುತ್ತಿಗಾಗಿ ನಡೆಯುವ ಅಲ್ಪಸ್ವಲ್ಪ ವ್ಯವಹಾರ, ಅದನ್ನು ದೊಡ್ಡದು ಮಾಡುವುದೇಕೆ ಎಂದು ಹೇಳುವವರಿದ್ದಾರೆ. ಈ ಮಾತಿಗೆ ಉತ್ತರ ನಮ್ಮ ನೆರೆಯ ತಮಿಳುನಾಡಿನಿಂದಲೇ ಬಂದಿದೆ. ಮೇಲೆ ಹೇಳಿದ ವೇಡಂತಾಂಗಲ್ ಆಗ್ಗೆ ಸೇರಿದ್ದ ಕಾಂಚೀಪುರಂ ಜಿಲ್ಲೆಯ ಕೆರೆಗಳಲ್ಲಿ ಸಂಶೋಧಕರು ಹಕ್ಕಿಗಳನ್ನು ಎಣಿಸಿ, ಬೇಟೆಗಾರರನ್ನು ವಿಚಾರಿಸಿ, 2017ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರು ಕಂಡ 53 ಜಾತಿಯ ನೀರುಹಕ್ಕಿಗಳಲ್ಲಿ 47 ಜಾತಿಗಳು ಬೇಟೆಗೆ ಗುರಿಯಾಗುತ್ತಿದ್ದುವು. ದೊಡ್ಡ ಹಕ್ಕಿಗಳ ಮೇಲೆಯೇ ಕಣ್ಣು. ಬೇಟೆ ಹೆಚ್ಚಿದ ಕೆರೆಗಳಲ್ಲಿ ಹಕ್ಕಿಗಳ ಸಂಖ್ಯೆಯೂ ಜಾತಿಗಳೂ ಕುಗ್ಗಿದ್ದುವು. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಬೇಟೆ ಇತ್ತೀಚಿನ ವರ್ಷಗಳಲ್ಲಿ ಏರಿದೆಯೆಂದೂ, ಅದನ್ನು ನಡೆಸುತ್ತಿರುವುದು ಬಡವನ ಹಸಿವಲ್ಲ, ಮಾರುಕಟ್ಟೆಯ ಬೇಡಿಕೆಯೆಂದೂ ಅವರು ನಿರ್ಣಯಿಸಿದರು. ಇನ್ನೂರು ವರ್ಷಗಳ ಕೆಳಗೆ ಕೌಲು ಪಡೆದು ಹಕ್ಕಿಗಳನ್ನು ಉಳಿಸಿಕೊಂಡ ಸೀಮೆಯಲ್ಲಿಯೇ ಈ ಅವಸ್ಥೆ! ಧಾಮವಾದ ಒಂದು ಕೆರೆಗೆ ಕಾವಲಿಟ್ಟು ಸುತ್ತಲಿನ ಕೆರೆಗಳನ್ನು ಮರೆತುದರ ಫಲವಿದು. ಹೊಳೆಯೂ ಗದ್ದೆಯೂ ಪೇಟೆಯೂ ಅಷ್ಟೇ ಹತ್ತಿರವಿರುವ ನಮ್ಮ ಕಾವೇರಿಯ ಸೀಮೆಯವರು ಇದನ್ನು ಪರರ ಮನೆಯ ಕಥೆಯೆಂದು ಓದಿ ಮಡಿಸಿಡಲಾಗದು.

ಮಾರುಕಟ್ಟೆಯೆಂದರೆ ಯಾರು? ಹೆದ್ದಾರಿಯ ಪಕ್ಕದ ಖಾನಾವಳಿಯಲ್ಲಿ ಕುಳಿತು, ಫಲಕದಲ್ಲಿ ಬರೆಯದ ಪದಾರ್ಥವನ್ನು ಮೆಲ್ಲನೆ ಕೇಳುವವನು. ಕೋಳಿಗೆ ಕೊಡುವುದಕ್ಕಿಂತ ಹೆಚ್ಚು ಕೊಟ್ಟು, ಅದರ ಗುಣವನ್ನು ಗೆಳೆಯರಿಗೆ ವರ್ಣಿಸುವವನು. ಕೊಕ್ಕರೆಯ ಮಾಂಸದಿಂದ ಉಬ್ಬಸ ಹೋಗುತ್ತದೆ, ಕೀಲುನೋವು ಹೋಗುತ್ತದೆ ಎಂಬ ವದಂತಿಯನ್ನು ನಂಬುವವನು. ಇವನು ಹಸಿದವನಲ್ಲ. ಪೇಟೆಯಲ್ಲಿ ಕೋಳಿ, ಕುರಿ, ಮೀನು ಬೇಕಾದಷ್ಟು ದೊರೆಯುತ್ತವೆ. ಮಾಂಸಾಹಾರದ ವಿಷಯದಲ್ಲಿ ಇಲ್ಲಿ ನಾವು ತಕರಾರು ಎತ್ತುತ್ತಿಲ್ಲ. ಇವನು ಅಕ್ಷರ ಬಲ್ಲವನು, ಪತ್ರಿಕೆ ಓದುವವನು, ಕೆಲವು ವೇಳೆ ಸರ್ಕಾರದ ಸಂಬಳ ಪಡೆಯುವವನು. ಆದುದರಿಂದಲೇ ಈ ಲೇಖನವನ್ನು ಇವನ ಕೈಗೆ ತಲಪುವ ಈ ಪುಟದಲ್ಲಿ ಬರೆಯುತ್ತಿದ್ದೇವೆ. ಬಲೆಯವನು ನಮ್ಮ ಪತ್ರಿಕೆಯನ್ನು ಓದುವುದಿಲ್ಲ.

ಆಶ್ಚರ್ಯವೇನೆಂದರೆ, ಷಿಕಾರಿಗಳ ಕಾಲದ ಕಟ್ಟಳೆಗಳಲ್ಲಿಯೇ ಒಂದು ಈ ಮರ್ಮವನ್ನು ಅರಿತಿತ್ತು. 1887ರ ಕಾಡುಹಕ್ಕಿಗಳ ಸಂರಕ್ಷಣಾ ಕಾಯಿದೆ ಹೊಳೆಯ ದಡಕ್ಕೆ ಹೋಗಲಿಲ್ಲ. ಮುನಿಸಿಪಾಲಿಟಿಗಳಲ್ಲಿಯೂ ದಂಡುಪ್ರದೇಶಗಳಲ್ಲಿಯೂ ಮರಿಮಾಡುವ ಕಾಲದಲ್ಲಿ ಹೊಸದಾಗಿ ಕೊಂದ ಹಕ್ಕಿಗಳನ್ನು ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ತಡೆಯಲು ಯತ್ನಿಸಿತು. ಅಪೂರ್ಣವಾದ ಕಾಯಿದೆಯೇ ಸರಿ. ಆದರೆ ಹಕ್ಕಿ ಸಾಯುವುದು ಕೆರೆಯಲ್ಲಾದರೂ ಅದರ ಬೆಲೆ ನಿಶ್ಚಯವಾಗುವುದು ಸಂತೆಯಲ್ಲಿ ಎಂಬುದು ಅದಕ್ಕೆ ತಿಳಿದಿತ್ತು. ಹಾಗೆಯೇ ಯುರೋಪಿನ ಸ್ತ್ರೀಯರ ಟೋಪಿಗಳಿಗಾಗಿ ಬೆಳ್ಳಕ್ಕಿಯ ಗರಿಗಳು ಹಡಗುಗಟ್ಟಲೆ ಹೋಗುತ್ತಿದ್ದ ಕಾಲದಲ್ಲಿ, 1902ರಲ್ಲಿ ರಫ್ತನ್ನು ನಿಷೇಧಿಸಿದುದು ಬಂದರಿನ ಸುಂಕದ ಕಟ್ಟೆಯಲ್ಲಿ, ಜೌಗಿನಲ್ಲಿ ಅಲ್ಲ.

ಇಂದಿನ ಕಾಯಿದೆಯೂ ಈ ವಿಷಯದಲ್ಲಿ ಬರಿಗೈಯಲ್ಲಿಲ್ಲ. ಬೇಟೆಯೆಂಬ ಶಬ್ದಕ್ಕೆ ಅದು ಕೊಟ್ಟ ಅರ್ಥ ವಿಸ್ತಾರವಾದುದು. ಕೊಲ್ಲುವುದು, ಹಿಡಿಯುವುದು, ಉರುಲೊಡ್ಡುವುದು, ವಿಷವಿಕ್ಕುವುದು, ಮೇವು ತೋರಿ ಸೆಳೆಯುವುದು, ಇವುಗಳ ಪ್ರಯತ್ನ, ಹಕ್ಕಿಯ ಮೊಟ್ಟೆಗೆ ಹಾನಿಮಾಡುವುದು, ಗೂಡನ್ನು ಕದಲಿಸುವುದು, ಎಲ್ಲವೂ ಬೇಟೆಯೇ. (ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಏಕಾಏಕಿ ಬಿಟ್ಟ ನೀರು ತಿಟ್ಟಿನ ಕೆಳಗೊಂಬೆಗಳ ಗೂಡುಗಳನ್ನು ಕೊಚ್ಚಿಕೊಂಡು ಹೋದಾಗ ಈ ಅರ್ಥ ವಿವರಣೆಯನ್ನು ನೀರಾವರಿ ಇಂಜಿನಿಯರರ ಮುಂದೆ ಓದಬೇಕೆಂದು ನಮಗೆ ಅನ್ನಿಸಿದುದುಂಟು, ಅಣೆಕಟ್ಟಿನ ಕ್ಷೇಮವೂ ಮುಖ್ಯವಾದುದರಿಂದ ಆ ಜಗಳವನ್ನು ಇಲ್ಲಿಗೆ ಬಿಡುತ್ತೇವೆ.) ಸಾಮಾನ್ಯ ಅಪರಾಧಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ, ವಿಶೇಷವಾಗಿ ರಕ್ಷಿತವಾದ ಜಾತಿಗಳ ವಿಷಯದಲ್ಲಿ ಇದಕ್ಕಿಂತಲೂ ಕಠಿನವಾದ ಶಿಕ್ಷೆ. ಅಕ್ರಮವಾಗಿ ಕೊಂಡವನೂ ತಪ್ಪಿಸಿಕೊಳ್ಳಲಾರ. ಮಾಂಸ ಅವನ ವಶದಲ್ಲಿ ಸಿಕ್ಕಿತೆಂದು ರುಜುವಾತಾದರೆ, ಅದು ಅಕ್ರಮವಲ್ಲವೆಂದು ತೋರಿಸುವ ಭಾರ ಅವನ ಮೇಲೆಯೇ ಬೀಳುತ್ತದೆ. ಇಂಥ ಅನುಕೂಲವಾದ ಕಲಮು ಇರುವಾಗ ಬಲೆಯವನ ಹಿಂದೆ ಕೆಸರಿನಲ್ಲಿ ಓಡುವುದಕ್ಕಿಂತ ಖಾನಾವಳಿಯ ಶೀತಪೆಟ್ಟಿಗೆಯನ್ನು ತೆರೆದು ನೋಡುವುದು ಸುಲಭವಲ್ಲವೇ? ಓಡುವವನು ಬಡವ, ಶೀತಪೆಟ್ಟಿಗೆಯ ಯಜಮಾನ ಪರಿಚಿತ. ಕಷ್ಟ ಇರುವುದು ಇಲ್ಲಿಯೇ.

ಬಲೆಯವನ ವಿಷಯದಲ್ಲಿ ಒಂದು ಮಾತನ್ನು ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಹಕ್ಕಿಪಿಕ್ಕಿಯವರೆಂಬ ಸಮುದಾಯದ ಹೆಸರಿನಲ್ಲಿಯೇ ಹಕ್ಕಿ ಇದೆ. ವಾಗ್ರಿ ಭಾಷೆಯನ್ನು ಮನೆಮಾತಾಗಿ ಉಳ್ಳ ಇವರು ತಲೆತಲಾಂತರದಿಂದ ಹಕ್ಕಿ ಹಿಡಿದು ಬದುಕಿದವರು. 1972ರ ಕಾಯಿದೆಯಲ್ಲಿ ಮೊದಲಿಗೆ ಬಲೆಯೊಡ್ಡಿ ಹಿಡಿಯುವವರಿಗೂ ಒಂದು ಬಗೆಯ ರಹದಾರಿ ಇತ್ತು. 1991ರಲ್ಲಿ ಅದೂ ಹೋಯಿತು. ಹೋಗಬೇಕಾದುದೇ. ಆದರೆ ಕಸುಬನ್ನು ಕಿತ್ತುಕೊಂಡ ಸರ್ಕಾರ ಆ ಕೈಗೆ ಏನನ್ನು ಕೊಟ್ಟಿತು? ಹುಣಸೂರು ತಾಲ್ಲೂಕಿನಲ್ಲಿ ಅವರು ನೆಲಸಿದ ಊರಿಗೆ ಪಕ್ಷಿರಾಜಪುರವೆಂಬ ಚೆಂದದ ಹೆಸರುಂಟು; ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲ. ಗಿಡಮೂಲಿಕೆಯ ತೈಲವನ್ನು ಹೊತ್ತು ದೇಶದೇಶಗಳನ್ನು ಸುತ್ತುವುದು ಅವರಲ್ಲಿ ಅನೇಕರ ಜೀವನೋಪಾಯವಾಯಿತು. 2023ರ ಏಪ್ರಿಲಿನಲ್ಲಿ ಆಫ್ರಿಕದ ಸುಡಾನ್ ದೇಶದಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ, ಈ ಸಮುದಾಯದ ನೂರಕ್ಕೂ ಹೆಚ್ಚು ಕನ್ನಡಿಗರು ಅಲ್ಲಿ ಸಿಕ್ಕಿಬಿದ್ದಿದ್ದ ಸುದ್ದಿಯನ್ನು ಓದಿ ಪೇಟೆಯವರು ಬೆರಗಾದರು. ಕಾವೇರಿಯ ಹಕ್ಕಿಯ ಚರಿತ್ರೆಯನ್ನು ಬಲ್ಲವರಿಗೆ ಅದರಲ್ಲಿ ಬೆರಗೇನೂ ಇರಲಿಲ್ಲ. ಒಂದು ಜನಾಂಗದ ಕಸುಬನ್ನು ಅಪರಾಧವೆಂದು ಸಾರಿ ಬೇರೆ ಕಸುಬನ್ನು ಕಲಿಸದಿದ್ದರೆ ಅವರು ಎಲ್ಲಿಯವರೆಗೆ ಹೋಗಬೇಕಾಗುತ್ತದೆಂಬುದಕ್ಕೆ ಅದು ಪ್ರಮಾಣ. ಭರತಪುರದ ಅರಸರಿಗೆ ಕಾಲಾವಕಾಶ ದೊರೆತಂತೆ ಇವರಿಗೆ ದೊರೆಯಲಿಲ್ಲ.

ಈಗ ಬಲೆ ಬೀಸುವವರೆಲ್ಲರೂ ಈ ಸಮುದಾಯದವರೆಂದು ಯಾರೂ ಅರ್ಥಮಾಡಬಾರದು. ಹಾಗೆ ಶಂಕಿಸುವ ಪೋಲೀಸು ಪದ್ಧತಿಯನ್ನು ನಾವು ಖಂಡಿಸುತ್ತೇವೆ. ಅವರ ವಿದ್ಯೆಯನ್ನು ಬಳಸಿಕೊಳ್ಳಬೇಕೆಂಬುದೇ ನಮ್ಮ ಸೂಚನೆ. ಯಾವ ಹಕ್ಕಿ ಯಾವ ಹೊತ್ತಿಗೆ ಯಾವ ಬದುವಿನಲ್ಲಿ ಇಳಿಯುತ್ತದೆ, ಉರುಲನ್ನು ಯಾವ ಎತ್ತರದಲ್ಲಿ ಕಟ್ಟುತ್ತಾರೆ, ವಿಷ ತಿಂದ ಹಕ್ಕಿ ಎಷ್ಟು ದೂರ ಹಾರಿ ಬೀಳುತ್ತದೆ, ಇವುಗಳನ್ನು ಬಲ್ಲವರು ಅರಣ್ಯ ತರಬೇತಿ ಶಾಲೆಯಲ್ಲಿ ತಯಾರಾಗುವುದಿಲ್ಲ. ಚಳಿಗಾಲದ ಆರು ತಿಂಗಳ ಮಟ್ಟಿಗಾದರೂ ಕಾವೇರಿ, ಶಿಂಷಾ, ಕಬಿನಿ ತೀರದ ಕೆರೆಗಳಿಗೆ ಇಂಥವರನ್ನು ಸಂಬಳದ ಕಾವಲುಗಾರರನ್ನಾಗಿ ನೇಮಿಸಲಿ.

ಬೇಟೆ ಒಮ್ಮೆ ಬೇರೂರಿದರೆ ಹೋಗದೆಂಬ ನಿರಾಶೆಗೂ ಕಾರಣವಿಲ್ಲ. ಈಶಾನ್ಯದ ನಾಗಾಲ್ಯಾಂಡಿನಲ್ಲಿ ದೋಯಾಂಗ್ ನದಿಯ ಅಣೆಕಟ್ಟಿನ ಹಿನ್ನೀರಿಗೆ ಪ್ರತಿ ವರ್ಷವೂ ಅಮೂರ್ ಚಾಣವೆಂಬ ವಲಸೆ ಹಕ್ಕಿಗಳು ಲಕ್ಷಗಟ್ಟಲೆ ಬಂದು ಇಳಿಯುತ್ತವೆ. ನೀರುಹಕ್ಕಿಯಲ್ಲದಿದ್ದರೂ ಬಲೆಯ ಕಥೆ ಒಂದೇ. 2012ರ ಅಕ್ಟೋಬರಿನಲ್ಲಿ ಅಲ್ಲಿನ ಬಲೆಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಕ್ಕಿಗಳು ಸತ್ತುವೆಂದು ಅಂದಾಜಾಯಿತು. ಮರುವರ್ಷ, 2013ರಲ್ಲಿ, ಆ ಕೊಲೆ ನಿಂತಿತು. ಪಾಂಗ್ತಿ ಮೊದಲಾದ ಹಳ್ಳಿಗಳ ಸಭೆಗಳು ತಾವೇ ನಿರ್ಣಯ ಮಾಡಿಕೊಂಡು, ಬಲೆಗೆ ದಂಡ ವಿಧಿಸಿ, ಹುಡುಗರನ್ನು ಕಾವಲಿಗೆ ಹಾಕಿದುವು. ಸರ್ಕಾರವೂ ಹೊರಗಿನ ಹಿತೈಷಿಗಳೂ ಜೊತೆ ನಿಂತರು. ಒಂದು ವರ್ಷದಲ್ಲಿ ಆದುದು ಇದು. ಸಾಕಷ್ಟು ಕಚೇರಿಗಳೂ, ಜೀಪುಗಳೂ, ಸುತ್ತೋಲೆಗಳೂ ಉಳ್ಳ ನಮ್ಮ ಸೀಮೆಯಲ್ಲಿ ಹತ್ತು ವರ್ಷ ಬೇಕೇ?

ರೈತನ ತಕರಾರೂ ಒಂದಿದೆ. ಅದನ್ನು ಹಗುರವಾಗಿ ನೋಡುವುದು ಪೇಟೆಯವರ ಚಾಳಿ. ನೇರಳೆ ಜಂಬುಕೋಳಿ ಹಿಂಡು ಹಿಂಡಾಗಿ ಗದ್ದೆಗೆ ಬಿದ್ದು ಪೈರಿನ ಬುಡವನ್ನು ಕತ್ತರಿಸುತ್ತದೆ; ಸಿಳ್ಳೆಬಾತುಗಳು ಹಾಲುಗಾಳನ್ನು ತಿನ್ನುತ್ತವೆ. ನಾಟಿಗೆ ಸಾಲ ಮಾಡಿದವನು ಹಕ್ಕಿಯ ಅಂದವನ್ನು ನೋಡುತ್ತ ಕುಳಿತಿರಲಾರ. ಅವನ ಕೈಗೆ ಕೀಟನಾಶಕದ ಡಬ್ಬಿ ಸಿಗುವುದಕ್ಕೆ ಮುಂಚೆ ಕಂದಾಯ ಇಲಾಖೆಯ ಗ್ರಾಮಾಧಿಕಾರಿ ಅವನ ಗದ್ದೆಗೆ ಹೋಗಿ ನಷ್ಟವನ್ನು ಬರೆದುಕೊಳ್ಳಬೇಕು. ಹಕ್ಕಿಯಿಂದ ಆದ ನಷ್ಟಕ್ಕೆ ಪರಿಹಾರವನ್ನು ಆನೆಯಿಂದ ಆದ ನಷ್ಟದಷ್ಟೇ ತ್ವರೆಯಾಗಿ ಕೊಡತಕ್ಕದ್ದು. ಹಕ್ಕಿಯನ್ನು ದೇಶದ ಆಸ್ತಿಯೆಂದು ಹೇಳುವ ಕಾಯಿದೆ, ಆ ಆಸ್ತಿ ಮೇಯ್ದ ಗದ್ದೆಯ ಲೆಕ್ಕವನ್ನೂ ಹೊರಬೇಕು.

ಆದಕಾರಣ ಅಧಿಕಾರಿಗಳಲ್ಲಿ ನಮ್ಮ ನಿವೇದನೆ ಇಷ್ಟು. ವನ್ಯಜೀವಿ ಅಪರಾಧವೆಂದರೆ ಅರಣ್ಯ ಇಲಾಖೆಯವರ ಕೆಲಸವೆಂದು ಪೋಲೀಸರು ಕೈತೊಳೆದುಕೊಳ್ಳುವಂತಿಲ್ಲ; ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಯಾವ ಪೋಲೀಸು ಅಧಿಕಾರಿಯಾದರೂ ಶೋಧಿಸಿ ವಶಪಡಿಸಿಕೊಳ್ಳಬಹುದೆಂದು ಕಾಯಿದೆಯೇ ಹೇಳುತ್ತದೆ. ಖಾನಾವಳಿಗಳಿಗೆ ರಹದಾರಿ ಕೊಡತಕ್ಕ ನಗರಸಭೆ ಪುರಸಭೆಗಳು, ಹಕ್ಕಿಯ ಮಾಂಸ ಸಿಕ್ಕಿದ ಕಡೆ ರಹದಾರಿಯನ್ನು ಕಿತ್ತುಕೊಳ್ಳುವುದಾಗಿ ಮುಂಚಿತವಾಗಿ ಸಾರಲಿ. ಕೆರೆಯ ಮೀನನ್ನು ಗುತ್ತಿಗೆಗೆ ಕೊಡುವಾಗ, ಆ ಕೆರೆಯಂಗಳದಲ್ಲಿ ಹಕ್ಕಿಯ ಬಲೆ ಕಂಡುಬಂದರೆ ತಿಳಿಸತಕ್ಕದ್ದೆಂಬ ಷರತ್ತನ್ನು ಮೀನುಗಾರಿಕೆಯ ಇಲಾಖೆಯವರು ಸೇರಿಸಲಿ. ದಿನಬೆಳಗಾದರೆ ನೀರಿನ ಮೇಲಿರುವ ಗುತ್ತಿಗೆದಾರನಿಗಿಂತ ಒಳ್ಳೆಯ ಕಾವಲುಗಾರನಿಲ್ಲ. ಅಧಿಕಾರಿಗಳು ಸುಮ್ಮನಿದ್ದರೆ, ಅರವತ್ತು ದಿನಗಳ ಮುಂಚಿತ ನೋಟೀಸು ಕೊಟ್ಟು ಯಾವ ಪ್ರಜೆಯಾದರೂ ನ್ಯಾಯಾಲಯದಲ್ಲಿ ದೂರು ಹೂಡಬಹುದೆಂಬುದನ್ನು ನಮ್ಮ ವಕೀಲ ಮಿತ್ರರು ನೆನಪಿಡಲಿ.

ಕಡೆಯದಾಗಿ ಒಂದು ಲೆಕ್ಕವನ್ನು ಕೇಳುತ್ತೇವೆ. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಕಳೆದ ಐದು ವರ್ಷಗಳೊಳಗೆ ನೀರುಹಕ್ಕಿಗಳ ಬೇಟೆಗಾಗಿ ಹೂಡಿದ ಮೊಕದ್ದಮೆಗಳು ಎಷ್ಟು, ಶಿಕ್ಷೆಯಾದುವು ಎಷ್ಟು, ಆ ಆರೋಪಿಗಳಲ್ಲಿ ಹಿಡಿದವರು ಎಷ್ಟು ಮಂದಿ, ಕೊಂಡವರು ಎಷ್ಟು ಮಂದಿ ಎಂಬುದನ್ನು ಪ್ರತ್ಯೇಕವಾಗಿ ತೋರಿಸಿ ಅರಣ್ಯ ಸಚಿವರು ಶಾಸನಸಭೆಯ ಮುಂದಿನ ಅಧಿವೇಶನದಲ್ಲಿ ಪಟ್ಟಿಯನ್ನು ಮಂಡಿಸಲಿ. ಕಾವೇರಿ ತೀರದ ಕ್ಷೇತ್ರಗಳಿಂದ ಆರಿಸಿಹೋದ ಸದಸ್ಯರು, ಯಾವ ಪಕ್ಷದವರೇ ಆಗಲಿ, ಈ ಪ್ರಶ್ನೆಗೆ ಇಂದೇ ನೋಟೀಸು ಕೊಡಬಹುದು. ಉತ್ತರ ಬಂದ ದಿವಸ ಅದನ್ನು ಇದೇ ಪುಟದಲ್ಲಿ ಅಂಕಿಗಳ ಸಹಿತ ಪ್ರಕಟಿಸುತ್ತೇವೆ.